ಸಾಲ ಸಿಕ್ಕೀತು, ಗಿರಾಕಿ?



ರೊಟ್ಟಿ, ಚಟ್ನಿಪುಡಿ, ಉಪ್ಪಿನಕಾಯಿ ಮಾಡೋ ಸಣ್ಣ ಘಟಕಗಳಿಗೆ 2020ರಿಂದ ಪಿಎಂಎಫ್‌ಎಂಇ ಯೋಜನೆ ಇದೆ. ಸಾಲದ ಜೊತೆಗೆ ಯೋಜನಾ ವೆಚ್ಚದ ಶೇ 35 ಸಬ್ಸಿಡಿ, ಗರಿಷ್ಠ 10 ಲಕ್ಷ. ನಮ್ಮ ಅಕ್ಕ-ತಂಗಿಯರು ಅರ್ಜಿ ಹಾಕಲಿ, ಫಾರ್ಮ್ ನಾನೇ ತುಂಬಿಕೊಡ್ತೀನಿ (ದಿನಾ ಮಾಡೋದು ಅದೇ ಕೆಲಸ). ಆದ್ರೆ ನಮ್ಮ ಜಿಲ್ಲೆಯ ಚರಿತ್ರೆನೂ ನೋಡ್ಬೇಕು.

ಹೋಟೆಲ್‌ಗೆ ಯಾರನ್ನೂ ಜಾತಿ ನೋಡಿ ತಡೆಯಬಾರದು ಅಂತ ಸಂವಿಧಾನ 1950ರಲ್ಲೇ ಹೇಳಿತು. 1955ರ ಕಾಯ್ದೆ ಅದನ್ನು ಅಪರಾಧ ಮಾಡಿತು. ಆದರೂ 2014ರಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಹೋಟೆಲ್, ಕ್ಷೌರದಂಗಡಿಯೊಳಗೆ ನಮ್ಮವರನ್ನ ಬಿಡ್ತಿರಲಿಲ್ಲ. ಅದೇ ತಗಾದೆ ಬೆಳೆದು ಆಗಸ್ಟ್ 28ರಂದು ನಮ್ಮವರ ಗುಡಿಸಲಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಹೈಕೋರ್ಟಿನಲ್ಲಿ ಬಹುತೇಕರಿಗೆ ಜಾಮೀನು!

ಕುಂತು ಚಾ ಕುಡಿಯೋಕೇ ಇಷ್ಟು. ನಾವೇ ಚಾ ಕಾಸಿದ್ರೆ ಯಾರ್ ಬರ್ತಾರ್ರಿ? ಒಳಗೆ ಬಿಡ್ರಿ ಅಂತ ಕಾನೂನು ಹೇಳ್ತದೆ, ನಮ್ಮ ಕೈಯಿಂದ ಕೊಂಡು ತಿನ್ರಿ ಅಂತ ಹೇಳಲ್ಲ. ಅದಕ್ಕೇ ಸರ್ಕಾರವೇ ಮೊದಲ ಗಿರಾಕಿ ಆಗ್ಬೇಕು: ಹಾಸ್ಟೆಲ್, ಕಚೇರಿ ಕ್ಯಾಂಟೀನ್, ಬಸ್ ನಿಲ್ದಾಣದ ಮಳಿಗೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಗೆಳೆಯರೇ, ನಾಲ್ಕೂ ಕಡೆ ಮನವಿ ಕೊಡೋಣ. ಬರೋರು ಕಾಮೆಂಟಲ್ಲಿ ಊರು ಹಾಕ್ರಿ.