ಎರಡನೇ ವೇದಿಕೆಯ ಚರಿತ್ರೆ: ಓಝ್‌ಫೆಸ್ಟ್ ಬ್ಯಾಂಡ್ ಪಟ್ಟಿಗಳ ಪರಿಶೀಲನೆ

ಹೆವಿ ಮೆಟಲ್ ಸಂಗೀತದ ಚರಿತ್ರೆಯನ್ನು ಬಹುತೇಕ ಆಲ್ಬಮ್‌ಗಳ ಆಧಾರದ ಮೇಲೆ ಬರೆಯಲಾಗಿದೆ. ಅಮೆರಿಕದಲ್ಲಿ ಬೇಸಿಗೆಯ ಉದ್ದಕ್ಕೂ ಊರೂರು ಸುತ್ತುತ್ತಿದ್ದ ಓಝ್‌ಫೆಸ್ಟ್‌ನ ಮಟ್ಟಿಗೆ, ಯಾವ ಬ್ಯಾಂಡ್ ಯಾವ ವೇದಿಕೆಯಲ್ಲಿ ಎಷ್ಟು ಹೊತ್ತಿಗೆ ನುಡಿಸಿತು ಎಂಬ ಪಟ್ಟಿಯೂ ಅಷ್ಟೇ ಗಟ್ಟಿಯಾದ ಆಕರ. ಅದರಲ್ಲೂ ಮುಖ್ಯ ವೇದಿಕೆಗಿಂತ ಎರಡನೇ ವೇದಿಕೆಯ ಪಟ್ಟಿಯಿಂದ ತಿಳಿಯುವುದು ಹೆಚ್ಚು ಎಂಬುದು ಈ ಲೇಖನದ ವಾದ.

ಲೊಲ್ಲಾಪಲೂಝಾ ಉತ್ಸವದ ಸಂಘಟಕರು ಮೆಟಲ್ ಗಾಯಕ ಓಝಿ ಆಸ್ಬರ್ನ್ ಅವರನ್ನು ಸೇರಿಸಿಕೊಳ್ಳಲು ಒಪ್ಪದಿದ್ದಾಗ, ಅವರ ಪತ್ನಿಯೂ ಮ್ಯಾನೇಜರೂ ಆದ ಶಾರನ್ ತಾವೇ ಓಝ್‌ಫೆಸ್ಟ್ ಎಂಬ ಉತ್ಸವ ಕಟ್ಟಿದರು. 1996ರ ಅಕ್ಟೋಬರಿನಲ್ಲಿ ಅರಿಜೋನಾ ಮತ್ತು ಕ್ಯಾಲಿಫೋರ್ನಿಯಾಗಳಲ್ಲಿ ಒಂದೊಂದು ದಿನ ನಡೆದದ್ದು, 1997ರಿಂದ ಬೇಸಿಗೆಯ ಪ್ರವಾಸವಾಯಿತು. ಆ ವರ್ಷ ವಿವಾದಿತ ಗಾಯಕ ಮರಿಲಿನ್ ಮ್ಯಾನ್ಸನ್ ಪಟ್ಟಿಯಲ್ಲಿದ್ದ ಕಾರಣಕ್ಕೆ ನ್ಯೂಜೆರ್ಸಿಯ ಜೈಂಟ್ಸ್ ಸ್ಟೇಡಿಯಂನ ಆಡಳಿತ ಕಾರ್ಯಕ್ರಮ ತಡೆಯಲು ನೋಡಿತು. ವಿಷಯ ಕೋರ್ಟಿಗೆ ಹೋಗಿ ಕಾರ್ಯಕ್ರಮ ನಡೆದೇ ನಡೆಯಿತು.

ಎರಡನೇ ವೇದಿಕೆಯ ಜಾಗ ಅನೇಕ ಊರುಗಳಲ್ಲಿ ಪಾರ್ಕಿಂಗ್ ಲಾಟ್. ಬೆಳಗಿನಿಂದಲೇ ಕಾದ ಡಾಂಬರಿನ ಮೇಲೆ ನಿಂತ ಜನರೆದುರು ಹೊಸ ಬ್ಯಾಂಡ್‌ಗಳು ಗಡಿಬಿಡಿಯ ಪುಟ್ಟ ಸೆಟ್ ಮುಗಿಸಿ ಇಳಿಯಬೇಕಿತ್ತು. ಈ ಪರೀಕ್ಷೆ ಎಷ್ಟು ಫಲ ಕೊಟ್ಟಿತು ಎನ್ನಲು ಸಿಸ್ಟಮ್ ಆಫ್ ಎ ಡೌನ್ ಒಂದೇ ಸಾಕು. 1998ರಲ್ಲಿ ಮೊದಲ ಆಲ್ಬಮ್ ಹೊರಬಂದ ಬೇಸಿಗೆಯಲ್ಲೇ ಅದು ಎರಡನೇ ವೇದಿಕೆಯಲ್ಲಿತ್ತು, 1999ರಲ್ಲಿ ಮುಖ್ಯ ವೇದಿಕೆಗೆ ಬಂತು, 2006ರಲ್ಲಿ ಆ ವೇದಿಕೆಯ ಪ್ರಮುಖ ತಂಡವೇ ಆಯಿತು. ಸ್ಲಿಪ್‌ನಾಟ್ 1999ರಲ್ಲಿ ಎರಡನೇ ವೇದಿಕೆ, 2001ರಲ್ಲಿ ಮುಖ್ಯ ವೇದಿಕೆ.

2004ರ ಪಟ್ಟಿ ಇನ್ನೂ ಕುತೂಹಲಕರ. ಮುಖ್ಯ ವೇದಿಕೆಯಲ್ಲಿ ಬ್ಲ್ಯಾಕ್ ಸಬ್ಬತ್, ಗಾಯಕ ರಾಬ್ ಹ್ಯಾಲ್‌ಫೋರ್ಡ್ ಮರಳಿ ಸೇರಿದ ಜುಡಾಸ್ ಪ್ರೀಸ್ಟ್, ಸ್ಲೇಯರ್: 1970–80ರ ದಶಕಗಳಲ್ಲೇ ಹೆಸರು ಮಾಡಿದವರು. ಎರಡನೇ ವೇದಿಕೆಯಲ್ಲಿ ಸ್ಲಿಪ್‌ನಾಟ್‌ನ ಹಿಂದೆ ಹೇಟ್‌ಬ್ರೀಡ್, ಲ್ಯಾಂಬ್ ಆಫ್ ಗಾಡ್, ಅನ್‌ಅರ್ತ್, ಏಟ್ರೆಯು. ಲಿಂಪ್ ಬಿಝ್ಕಿಟ್, ಕೋಲ್ ಚೇಂಬರ್‌ಗಳ ನು ಮೆಟಲ್ ಶೈಲಿ ಹಿಂದೆ ಸರಿದು ಮೆಟಲ್‌ಕೋರ್ ಶೈಲಿ ಮುಂದೆ ಬಂದದ್ದನ್ನು ಇಲ್ಲಿ ಬೆರಳಿಟ್ಟು ತೋರಿಸಬಹುದು. ಮುಖ್ಯ ವೇದಿಕೆಯನ್ನಷ್ಟೇ ನೋಡಿದವರಿಗೆ ಕಾಲ ನಿಂತೇ ಇದ್ದಂತೆ ಕಾಣುತ್ತದೆ.

ಆದರೆ ಈ ವೇದಿಕೆ ಪ್ರತಿಭೆಯೊಂದನ್ನೇ ತೂಗಿದ್ದಲ್ಲ. ಅಲ್ಲಿನ ಜಾಗಕ್ಕಾಗಿ ರೆಕಾರ್ಡ್ ಕಂಪನಿಗಳು ಹಣ ತೆರುತ್ತಿದ್ದ ಪದ್ಧತಿಯಿತ್ತು. ಬೆನ್ನಿಗೆ ಕಂಪನಿ ಇಲ್ಲದ ತಂಡಕ್ಕೆ ಅವಕಾಶ ಕಷ್ಟ. ಹಾಗಾಗಿ ಪಟ್ಟಿಯನ್ನು ಅಭಿರುಚಿಯ ದಾಖಲೆಯೆಂದು ಓದುವಾಗ ಬಂಡವಾಳದ ದಾಖಲೆಯೆಂದೂ ಓದಬೇಕು.

2006ರಲ್ಲಿ ಕೆಲವು ಊರುಗಳಲ್ಲಿ ಓಝಿಯೇ ಎರಡನೇ ವೇದಿಕೆಗೆ ಬಂದು ಹಾಡಿದರು. 2007ರಲ್ಲಿ ಪ್ರಾಯೋಜಕರ ಬಲದಿಂದ ಟಿಕೆಟ್ ಪುಕ್ಕಟೆಯಾಯಿತು, ಬ್ಯಾಂಡ್‌ಗಳಿಗೆ ಸಂಭಾವನೆಯೂ ಇಲ್ಲವಾಯಿತು. ಸಂಭಾವನೆಯಿಲ್ಲದೆ ದೊಡ್ಡ ತಂಡಗಳನ್ನು ಬೇಸಿಗೆಯಿಡೀ ಹಿಡಿದಿಡುವ ಲೆಕ್ಕಾಚಾರ ಬಹುಕಾಲ ನಡೆಯುವಂಥದ್ದಾಗಿರಲಿಲ್ಲ. 2008ರಲ್ಲಿ ಓಝ್‌ಫೆಸ್ಟ್ ನಡೆದದ್ದು ಟೆಕ್ಸಾಸ್‌ನಲ್ಲಿ, ಒಂದೇ ದಿನ.