ಗುಡ್ಡದ ದೇವರು, ಧಾರವಾಡದ ಆಸ್ಪತ್ರೆ: ಮನೋವೈದ್ಯ ಹಳ್ಳಿಗೆ ಬಂದ ಬಗೆ

ದಸರೆಯಲ್ಲಿ ಹಾವೇರಿ ಜಿಲ್ಲೆಯ ದೇವರಗುಡ್ಡದ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದರೆ ನೆರೆದ ಸಾವಿರಾರು ಜನ ಉಸಿರು ಬಿಗಿಹಿಡಿಯುತ್ತಾರೆ. ಆಮೇಲೆ ಬರುವ ಕಾರಣಿಕ, ಎಂದರೆ ದೇವರ ಭವಿಷ್ಯನುಡಿ, ಒಂದೇ ಸಾಲು. ಅದು ಮಳೆಬೆಳೆಯದ್ದೋ ರಾಜಕೀಯದ್ದೋ ಬಿಡಿಸುವ ಕೆಲಸ ಕೇಳಿದವರದು. ಈ ಸೀಮೆಯಲ್ಲಿ ಮನಸ್ಸಿನ ಬೇನೆಯೂ ಹಾಗೇ ಒಗಟಾಗಿ ಮಾತಾಡುತ್ತದೆ: ‘ಗಾಳಿ ಸೋಕೇತಿ’, ‘ಭಾಳ ಮನಸ್ಸಿಗೆ ಹಚ್ಚಿಕೊಂಡಾನ’, ‘ಎದಿ ಢವಢವ ಅಂತೈತಿ’. ಈ ಮಾತು ಬಿಡಿಸಬಲ್ಲ ವೈದ್ಯರು ಬಹುಕಾಲ ಹಳ್ಳಿಯ ಕಡೆ ಸುಳಿಯಲಿಲ್ಲ.

ಧಾರವಾಡದಲ್ಲಿ ಹುಚ್ಚಾಸ್ಪತ್ರೆ ಶುರುವಾದದ್ದು 1845ರಲ್ಲಿ. ಹಾವೇರಿ 1997ರವರೆಗೆ ಧಾರವಾಡ ಜಿಲ್ಲೆಯಲ್ಲೇ ಇತ್ತು; ರಾಣೆಬೆನ್ನೂರು, ಬ್ಯಾಡಗಿಯವರಿಗೂ ಅದೇ ಆಸ್ಪತ್ರೆ. ‘ಇವನ್ನ ಧಾರವಾಡಕ್ಕ ಕಳಸಬೇಕು’ ಎಂಬುದು ಕುಚೋದ್ಯದ ಮಾತಾಯಿತು. ಊರಿನ ಹೆಸರೇ ಬೈಗುಳವಾದ ಮೇಲೆ ಮನೆಯವರು ಮೊದಲು ಗುಡ್ಡ ಹತ್ತಿದರೆ ಅದನ್ನು ಬರೀ ಮೌಢ್ಯ ಎನ್ನಲು ನನಗೆ ಮನಸ್ಸಿಲ್ಲ.

ಜನ ಹೀಗೆ ದೇವರ ಮೊರೆ ಹೋಗುವುದನ್ನು ಶಾಸ್ತ್ರೀಯವಾಗಿ ನೋಡಿದವರು ಮನೋವೈದ್ಯರಾದ ಆರ್.ಎಲ್. ಕಪೂರ್ ಮತ್ತು ಮಾರಿಸ್ ಕಾರ್‌ಸ್ಟೇರ್ಸ್. ಉಡುಪಿ ಬಳಿಯ ಕೋಟದಲ್ಲಿ ಅವರು ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಯಿತು. ಅಲ್ಲಿ ನಾಟಿ ವೈದ್ಯ, ಮಂತ್ರವಾದಿ, ದೈವ ಮೈಮೇಲೆ ಬರುವ ಪಾತ್ರಿ ಮೂವರೂ ಇದ್ದರು. ಜನ ಇವರ ಬಳಿಗೂ ಹೋಗುತ್ತಿದ್ದರು, ಡಾಕ್ಟರ ಬಳಿಗೂ ಹೋಗುತ್ತಿದ್ದರು. ಅದರಲ್ಲಿ ಅವರಿಗೆ ಯಾವ ವಿರೋಧವೂ ಕಾಣಲಿಲ್ಲ. ಇದೇ ಕಪೂರ್ 1975ರಲ್ಲಿ ನಿಮ್ಹಾನ್ಸ್‌ನಲ್ಲಿ ಸಮುದಾಯ ಮನೋವೈದ್ಯ ಘಟಕ ಆರಂಭಿಸಿದವರು. ಬೆಂಗಳೂರಿನ ಹೊರಗೆ ಸಕಲವಾರದಲ್ಲಿ ಅದರ ಪ್ರಯೋಗ ಬೆಳೆಯಿತು. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಬೇನೆ ಗುರುತಿಸಿ ನೋಡಿಕೊಳ್ಳುವ ತರಬೇತಿ ಕೊಟ್ಟು, ಕೆಲವೇ ಅಗತ್ಯ ಔಷಧಿಗಳನ್ನು ಅಲ್ಲೇ ಸಿಗುವಂತೆ ಮಾಡಲಾಯಿತು. 1996ರ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿ. ಈ ಪ್ರಯೋಗ ನಮ್ಮ ಗುಡ್ಡದ ದೇವರಿಗೂ ದೂರದ್ದಲ್ಲ: ಹೂವಿನಹಡಗಲಿ ತಾಲ್ಲೂಕಿನ ಮೈಲಾರ ಆಗ ಬಳ್ಳಾರಿ ಜಿಲ್ಲೆಯದು. ದೇವರಗುಡ್ಡದ ಮಾಲತೇಶನೂ ಆ ಮೈಲಾರಲಿಂಗನೂ ಒಬ್ಬನೇ ದೇವರು, ನಡುವೆ ತುಂಗಭದ್ರೆ ಅಷ್ಟೇ.

ಆಫ್ರಿಕದವರು ಇನ್ನೂ ಮೊದಲೇ ಈ ದಾರಿ ಹಿಡಿದಿದ್ದರು. ನೈಜೀರಿಯದ ಅಬೆಯೊಕುಟಾ ಹತ್ತಿರದ ಆರೋದಲ್ಲಿ 1954ರಿಂದ ಮನೋವೈದ್ಯ ಥಾಮಸ್ ಅಡಿಯೊಯೆ ಲಾಂಬೊ ರೋಗಿಗಳನ್ನು ಬಂಧುಗಳೊಡನೆ ಸುತ್ತಲಿನ ಹಳ್ಳಿಗಳಲ್ಲೇ ಇಟ್ಟು, ನಾಟಿ ವೈದ್ಯರನ್ನೂ ಜೊತೆಗೆ ಸೇರಿಸಿಕೊಂಡರು. ಮುಂದೆ ಜಿಂಬಾಬ್ವೆಯಲ್ಲಿ 2006ರಿಂದ ಮನೋವೈದ್ಯ ಡಿಕ್ಸನ್ ಚಿಬಾಂಡ ಅಜ್ಜಿಯಂದಿರಿಗೆ ತರಬೇತಿ ಕೊಟ್ಟು, ನೊಂದವರ ಮಾತು ಕೇಳಲು ಬೆಂಚಿನ ಮೇಲೆ ಕೂರಿಸಿದರು. ಅಲ್ಲಿ ಖಿನ್ನತೆಗೆ ಬಳಸುವ ಶೋನಾ ಪದ ‘ಕುಫುಂಗಿಸಿಸ’. ಎಂದರೆ ಅತಿಯಾಗಿ ಯೋಚಿಸುವುದು. ನಮ್ಮ ‘ಮನಸ್ಸಿಗೆ ಹಚ್ಚಿಕೊಂಡಾನ’ ಅದರ ಅಕ್ಕಪಕ್ಕದ್ದೇ.

ಹಾಗೆಂದು ಗುಡಿ, ದರ್ಗಾಗಳಿಗೆ ಎಲ್ಲವನ್ನೂ ಬಿಟ್ಟುಕೊಡಲಾಗದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯ ದರ್ಗಾ ಬಳಿಯ ಆಶ್ರಮಕ್ಕೆ ಬಿದ್ದ ಬೆಂಕಿಯಲ್ಲಿ ಸರಪಳಿ ಬಿಗಿದಿದ್ದ 28 ಮನೋರೋಗಿಗಳು ಸತ್ತರು. ನಂಬಿಕೆ ಇರಲಿ, ಸರಪಳಿ ಬೇಡ.

ಈಗ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳೂ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ಮುಂದಿನ ದಸರೆಗೆ ಮಾಲತೇಶನ ಗುಡಿಯ ಮೆಟ್ಟಿಲ ಬಳಿ ಈ ಐದು ಅಂಕಿಗಳ ಫಲಕವೊಂದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ನಿಲ್ಲಿಸಿ ಎಂದು ಜಾತ್ರೆ ನಡೆಸುವವರಲ್ಲಿ ನನ್ನ ವಿನಂತಿ.