ಸಮವಾಯ ಬೋಧನೆ
ಒಂದು ಕಸುಬನ್ನೋ ವಿಷಯವಸ್ತುವನ್ನೋ ಕೇಂದ್ರವಾಗಿಟ್ಟು, ಭಾಷೆ, ಗಣಿತ, ವಿಜ್ಞಾನ, ಸಮಾಜ ಪಾಠಗಳನ್ನು ಅದರ ಸುತ್ತ ಹೆಣೆದು ಕಲಿಸುವ ಕ್ರಮ. ಭಾರತದಲ್ಲಿ ಇದು ವ್ಯಾಪಕವಾಗಿ ಬಳಕೆಗೆ ಬಂದದ್ದು ಗಾಂಧೀಜಿಯವರ ನಯೀ ತಾಲೀಮ್ ಎಂಬ ಮೂಲಶಿಕ್ಷಣ ಯೋಜನೆಯಿಂದ. 1937ರ ಅಕ್ಟೋಬರಿನ ವಾರ್ಧಾ ಶಿಕ್ಷಣ ಸಮ್ಮೇಳನದ ಬಳಿಕ ಜಾಕಿರ್ ಹುಸೇನ್ ಸಮಿತಿ ಆ ಯೋಜನೆಯ ಪಠ್ಯಕ್ರಮ ರೂಪಿಸಿತು. ಅದರಲ್ಲಿ ಬೋಧನೆಯ ಮಾಧ್ಯಮ ಮಾತೃಭಾಷೆ, ಶಿಕ್ಷಣದ ಅವಧಿ 7 ವರ್ಷ. ನೂಲುವ ಕೆಲಸವೇ ಸಮವಾಯ ಬೋಧನೆಗೆ ಒಳ್ಳೆಯ ನಿದರ್ಶನ: ಎಳೆ ಎಣಿಸಿ ತೂಗುವಾಗ ಲೆಕ್ಕ, ಹತ್ತಿ ಬೆಳೆಯುವ ಕಪ್ಪುಮಣ್ಣಿನಿಂದ ಭೂಗೋಳ, ತಕಲಿ (ಕೈಯಿಂದ ನೂಲುವ ಕದಿರು) ತಿರುಗುವ ಬಗೆಯಿಂದ ಭೌತವಿಜ್ಞಾನ, ಈಸ್ಟ್ ಇಂಡಿಯಾ ಕಂಪನಿಯ ಬಟ್ಟೆ ವ್ಯಾಪಾರದಿಂದ ಇತಿಹಾಸ. ನಂಟು ಸಹಜವಾಗಿದ್ದರೆ ಮಾತ್ರ ಕ್ರಮ ಫಲಿಸುತ್ತದೆ. ಎಲ್ಲವನ್ನೂ ಚರಕಕ್ಕೇ ಕಟ್ಟಹೊರಟರೆ ಕಲಿಕೆ ಕೃತಕವಾಗುತ್ತದೆ. ಕಸುಬಿನೊಂದಿಗೆ ಮಗುವಿನ ಭೌತಿಕ, ಸಾಮಾಜಿಕ ಪರಿಸರಗಳನ್ನೂ ಸಮಿತಿ ಬೋಧನೆಯ ಕೇಂದ್ರಗಳೆಂದು ಗುರುತಿಸಿತ್ತು.